ನೀರು ಹಾಕುವ ರುದ್ರಮ್ಮನೂ ವೀಣಾಳ ಜ್ವರವೂ

ನನ್ನ ಅಕ್ಷರ ದುಂಡಗಿಲ್ಲ, ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ಕೆಲವು ಮಾತುಗಳು ಸರಿಯಾಗಿ ಕೂರದೇ ಇರಬಹುದು. ರುದ್ರಮ್ಮ ನನಗಿಂತ ಬಹಳ ಹಿರಿಯರು. ಕತೆಯ ಹಾಗೆ ಹೇಳುವುದರಿಂದ ‘ಅವಳು’ ಎಂದು ಬರೆದಿದ್ದೇನೆ, ಅದು ಅಗೌರವವಲ್ಲ.

ಕುಶಾಲನಗರ ಬಿಟ್ಟು ಹಾರಂಗಿ ಕಾಲುವೆ ದಾಟಿದರೆ ಸಿಗುವ ನಮ್ಮ ಊರಿನಲ್ಲಿ ರುದ್ರಮ್ಮನ ಕೈ ತಾಗದೆ ಬೆಳೆದ ಮಕ್ಕಳು ಕಡಿಮೆ. ಅವಳ ಅತ್ತೆಯವರು ಅರಕಲಗೂಡು ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರು. ಬಾಣಂತಿಯರಿಗೆ ನೀರು ಹಾಕುವುದನ್ನು ಸೊಸೆಗೆ ಕಲಿಸಿದ್ದು ಆ ಅತ್ತೆಯೇ. ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಯಿಂದ ಅಂಗಾಲಿನವರೆಗೆ ನೀವಬೇಕು, ಮೈ ಕೆಂಪಾಗುವಷ್ಟು ಬಿಸಿ ನೀರು ಎರಚಬೇಕು, ಸಾಂಬ್ರಾಣಿ ಹೊಗೆ ಹಾಕಿ ಹಳೇ ಸೀರೆಯಲ್ಲಿ ಹೊಟ್ಟೆ ಬಿಗಿಯಬೇಕು, ಆಮೇಲೆ ಕಂಬಳಿ ಹೊದಿಸಿ ಬೆವರು ಬರುವವರೆಗೆ ಮಲಗಿಸಬೇಕು. ಕುಡಿಯಲು ನೀರನ್ನು ಮಾತ್ರ ಆದಷ್ಟು ಕಡಿಮೆ ಕೊಡಬೇಕು. ಶುಂಠಿ ಹೊಲದಲ್ಲಿ ಕೂಲಿ ಮಾಡಿ ಸುಸ್ತಾಗಿದ್ದರೂ ಯಾರ ಮನೆಯಿಂದಲಾದರೂ ಕರೆ ಬಂದರೆ ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು. ‘ರುದ್ರಮ್ಮನ ಕೈ ಬಿದ್ದರೆ ನೋವು ಓಡಿಹೋಗುತ್ತದೆ’ ಎಂದು ಹೆಂಗಸರು ಹೇಳುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಹೋದ ವರ್ಷ ಅವಳ ಒಬ್ಬಳೇ ಮಗಳು ವೀಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು ಮಗು. ಮನೆಗೆ ಕಳಿಸುವಾಗ ನರ್ಸಮ್ಮ, “ಮಲಗೇ ಇರಬೇಡಮ್ಮ, ಎದ್ದು ಓಡಾಡು, ನೀರು ಚೆನ್ನಾಗಿ ಕುಡಿ” ಎಂದಿದ್ದಳು. ಮನೆಗೆ ಬಂದ ಮೇಲೆ ರುದ್ರಮ್ಮ ಆ ಮಾತನ್ನು ಬಾಗಿಲಾಚೆಗೇ ಬಿಟ್ಟಳು. ಇಷ್ಟು ಬಾಣಂತನ ಮಾಡಿದವಳಿಗೆ ಸ್ವಂತ ಮಗಳ ಬಾಣಂತನ ಮಾಡುವುದು ಗೊತ್ತಿಲ್ಲವೇ?

ಬೆಳಕು ಬೀಳದ ಒಳಕೋಣೆಯಲ್ಲಿ ವೀಣಾಳನ್ನು ಮಲಗಿಸಿದಳು. ಮಗುವಿಗೆ ಹಾಲು ಕೊಡಲು ಒರಗಿ ಕೂರುವುದೊಂದನ್ನು ಬಿಟ್ಟರೆ ಅಲುಗಾಡಲೂ ಬಿಡಲಿಲ್ಲ.

“ಅವ್ವ, ಕಾಲುವೆ ನೀರ್ನೆಲ್ಲ ನಿನ್ ಹಂಡೆಗೇ ಸುರ್ಕೊಂಡ್ಯಾ? ನಂಗೊಂದು ಲೋಟ ಕೊಡವ್ವ” ಎಂದು ವೀಣಾ ನಗುತ್ತಲೇ ಕೇಳಿದಳು.

“ಹಸಿ ಮೈ ಕಣೆ. ನೀರು ಕುಡಿದ್ರೆ ಹೊಟ್ಟೆ ಡೊಳ್ಳಾಯ್ತದೆ. ಆಮೇಲೆ ನಿನ್ನ ಗಂಡ, ಇನ್ನೊಂದು ಮಗು ಐತೇನೋ ಅಂತ ಹೆದ್ರುಕೊಂಡಾನು” ಎಂದು ರುದ್ರಮ್ಮ ಒಂದು ಗುಟುಕು ಕಷಾಯ ಕೊಟ್ಟು ಸುಮ್ಮನಾಗಿಸಿದಳು.

ಎರಡನೇ ವಾರ ವೀಣಾಳಿಗೆ ಜ್ವರ ಬಂತು. ಮೈ ಸುಡುವ ಜ್ವರವಲ್ಲ. ಹಣೆ ಮುಟ್ಟಿದರೆ ಸ್ವಲ್ಪ ಬೆಚ್ಚಗೆ, ಸಂಜೆಗೆ ಇನ್ನೂ ಸ್ವಲ್ಪ ಹೆಚ್ಚು. ಅದೇ ಹೊತ್ತಿಗೆ ಹಾಲು ತುಂಬಿ ಎದೆಯೂ ಗಟ್ಟಿಯಾಗಿತ್ತು. ಎದೆ ಕಟ್ಟಿದರೆ ಜ್ವರ ಬರುವುದನ್ನು ರುದ್ರಮ್ಮ ಎಷ್ಟೋ ಮನೆಗಳಲ್ಲಿ ನೋಡಿದ್ದಳು. ಬಿಸಿ ಬಟ್ಟೆಯ ಶಾಖ ಕೊಟ್ಟು, ಹಾಲು ಹಿಂಡಿ ತೆಗೆದಳು. ಎದೆ ಮೆತ್ತಗಾಯಿತು. ಜ್ವರ ಮಾತ್ರ ಬಿಡಲಿಲ್ಲ.

“ಅವ್ವ, ಎಡಗಾಲು ಹಿಡ್ಕೊಂಡಂಗೆ ಆಗೈತೆ. ಮೀನಖಂಡದತ್ರ ಭಾರ, ಭಾರ.”

“ಮಲಗಿ ಮಲಗಿ ಹಿಡ್ಕೊಂಡದೆ. ನಾಳೆ ನೀವ್ತೀನಿ, ಸರಿಹೋಯ್ತದೆ.”

ಮರುದಿನ ಆಶಾ ಕಾರ್ಯಕರ್ತೆ ಕಾವ್ಯಶ್ರೀ ಮಗುವಿನ ತೂಕ ನೋಡಲು ಬಂದಳು. ವೀಣಾಳ ಕಂಬಳಿ ಸರಿಸಿ ಎರಡು ಕಾಲನ್ನೂ ಜೊತೆಗಿಟ್ಟು ನೋಡಿದಳು. ಅವಳ ಮುಖ ಬದಲಾಯಿತು.

“ದೊಡ್ಡವ್ವ, ಒಂದೇ ಕಾಲು ಊದ್ಕೊಂಡದೆ ನೋಡಿ. ಮುಟ್ಟಿದ್ರೆ ಬಿಸಿ. ಮೇಲೆ ಜ್ವರ ಬೇರೆ. ಇವತ್ತೇ ಆಸ್ಪತ್ರೆಗೆ ತೋರ್ಸಣ, ನಾನೂ ಬತ್ತೀನಿ.”

“ನೀನು ಇನ್ನೂ ಮಗು ಕಣವ್ವ. ಬಾಣಂತಿಗೆ ಕಾಲು ಊದೋದು ನಾನು ಕಾಣದ್ದಾ? ಹಸಿ ಬಾಣಂತಿ ಹೊಸಿಲು ದಾಟುದ್ರೆ ಶೀತಗಾಳಿ ಹೊಡೀತದೆ. ಇವತ್ತು ಶುಕ್ರವಾರ ಬೇರೆ, ಮಗಳ್ನ ಆಚೆ ಕಳಿಸಬಾರ್ದು. ಇದೊಂದು ದಿನ ಕಳೀಲಿ, ಹೋಗಣ.”

“ಶುಕ್ರವಾರ ಆಮೇಲೂ ಬತ್ತದೆ ದೊಡ್ಡವ್ವ” ಎಂದಳು ಕಾವ್ಯಶ್ರೀ. ಹೋಗುವಾಗ ಬಾಗಿಲಲ್ಲಿ ನಿಂತು, “ಕಾಲು ಮಾತ್ರ ಉಜ್ಜಬೇಡಿ” ಎಂದು ಹೇಳಿಯೇ ಹೋದಳು.

ರುದ್ರಮ್ಮ ಉಜ್ಜಿದಳು. ಮಗಳ ನೋವು ತೆಗೆಯಲು ಅವಳಿಗೆ ಗೊತ್ತಿದ್ದದ್ದು ಅದೊಂದೇ. ಬೇರೆಯವರ ಮಕ್ಕಳಿಗೆ ಹಾಕುವುದಕ್ಕಿಂತ ಹೆಚ್ಚು ಎಣ್ಣೆ ಹಾಕಿ, ಪಾದದಿಂದ ತೊಡೆಯವರೆಗೆ ಎರಡೂ ಕೈಯಲ್ಲಿ ಒತ್ತಿ ಒತ್ತಿ ನೀವಿದಳು. ವೀಣಾ “ಸಾಕವ್ವ” ಎಂದಾಗ, “ತಡ್ಕೊ ಮಗ, ಇನ್ನೊಂಚೂರು” ಎಂದಳು. ಬಿಸಿ ನೀರು ಎರಚಿ, ಒರೆಸಿ, ಕೈ ಹಿಡಿದು ಎಬ್ಬಿಸಿದಳು. ಬಚ್ಚಲಿನಿಂದ ಕೋಣೆಗೆ ಬರುವಷ್ಟರಲ್ಲಿ ವೀಣಾ ಗೋಡೆ ಹಿಡಿದು ನಿಂತಳು.

“ಅವ್ವ, ಉಸ್ರು ಸಿಗ್ತಿಲ್ಲ.”

ರುದ್ರಮ್ಮನ ಗಂಡ ಸಣ್ಣಸ್ವಾಮಿ ಓಡಿಹೋಗಿ ಆಟೋ ತಂದ. ಯಾವ ಹೊಸಿಲನ್ನು ದಾಟಬಾರದು ಎಂದಿದ್ದಳೋ ಅದೇ ಹೊಸಿಲನ್ನು ರುದ್ರಮ್ಮ ಮಗಳನ್ನು ಎತ್ತಿಕೊಂಡು ದಾಟಿದಳು. ಆಟೋ ಆಸ್ಪತ್ರೆ ತಲುಪಿದಾಗ ವೀಣಾಳ ತಲೆ ತಾಯಿಯ ತೊಡೆಯ ಮೇಲೆ ತಣ್ಣಗಾಗಿತ್ತು.

ಅಲ್ಲಿದ್ದ ಡಾಕ್ಟರ್ ವಯಸ್ಸಾದವರು. ರುದ್ರಮ್ಮನನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು.

“ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬೇಕಮ್ಮ. ಹೆರಿಗೆಯಾದವರಿಗೆ, ಅದರಲ್ಲೂ ಹೊಟ್ಟೆ ಕೊಯ್ದವರಿಗೆ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಅಲ್ಲಾಡದೆ ಮಲಗಿದ್ದರೆ, ನೀರು ಕುಡಿಯದಿದ್ದರೆ ಇನ್ನೂ ಜಾಸ್ತಿ. ಹೆಪ್ಪುಗಟ್ಟಿದ ಕಡೆ ನಾಳ ಊದಿಕೊಳ್ಳುತ್ತೆ, ಅದಕ್ಕೆ ಮೈ ಬಿಸಿಯಾಗುತ್ತೆ. ಅದೇ ಆ ಸಣ್ಣ ಜ್ವರ.”

“ಎದೆ ಕಟ್ಟಿದ ಜ್ವರ ಅಂದ್ಕೊಂಡೆ ಬುದ್ಧಿ.”

“ಹಾಗೆ ಅನ್ನಿಸೋದು ಸಹಜ. ಬರೀ ಜ್ವರ ನೋಡಿ ನಾವೂ ಹೇಳೋಕಾಗಲ್ಲ. ಪರೀಕ್ಷೆ ಮಾಡಬೇಕು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಹೀಗಾಗುತ್ತೆ.”

ರುದ್ರಮ್ಮ ಎಣ್ಣೆಯ ವಾಸನೆ ಇನ್ನೂ ಹೋಗದ ಕೈಗಳನ್ನು ಅವರ ಮುಂದೆ ಚಾಚಿದಳು. “ನಾನು ನೀವಿದ್ದಕ್ಕೆ ಕಿತ್ಕೊಂತಾ?”

ಡಾಕ್ಟರ್ ಆ ಕೈಗಳನ್ನು ಮೆಲ್ಲನೆ ಅವಳ ಮಡಿಲಿಗೇ ಇಳಿಸಿದರು. “ನೀವಬಾರದಿತ್ತು. ನೀವದಿದ್ದರೂ ಕಿತ್ತುಕೊಳ್ಳಬಹುದಿತ್ತು. ಯಾವುದರಿಂದ ಅಂತ ನನಗೆ ಗೊತ್ತಿಲ್ಲಮ್ಮ. ಸುಳ್ಳು ಹೇಳಲಾರೆ.”

ತಿಥಿ ಮುಗಿದ ಮೇಲೆ ವೀಣಾಳ ಗಂಡ ಶಶಿಕುಮಾರ್ ಮಗುವನ್ನು ತನ್ನ ಊರಿಗೆ ಕರೆದುಕೊಂಡು ಹೋದ. ರುದ್ರಮ್ಮ ನೀರು ಹಾಕಲು ಹೋಗುವುದನ್ನು ಬಿಟ್ಟಳು. ಯಾರಾದರೂ ಕರೆಯಲು ಬಂದರೆ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಊಟಕ್ಕೆ ಕೂತಾಗ ಒಮ್ಮೊಮ್ಮೆ ತನ್ನ ಬಲಗೈಯನ್ನೇ ನೋಡುತ್ತಾ ಇದ್ದುಬಿಡುತ್ತಿದ್ದಳು, ಅನ್ನ ಆರಿಹೋಗುತ್ತಿತ್ತು. “ಉಣ್ಣು” ಎಂದು ಸಣ್ಣಸ್ವಾಮಿ ಹೇಳುತ್ತಿದ್ದ. ಅವನಿಗೂ ಬೇರೆ ಮಾತು ಗೊತ್ತಿರಲಿಲ್ಲ.

ಈ ಸಲ ಜೋಳ ಮುರಿಯುವ ಹೊತ್ತಿನಲ್ಲಿ ಕೆಳಗಿನ ಬೀದಿಯ ಲಿಂಗಮ್ಮನ ಸೊಸೆ ಮಾನಸಳಿಗೆ ಹೆರಿಗೆಯಾಯಿತು. ಮನೆಗೆ ಬಂದು ನಾಲ್ಕಾರು ದಿನಕ್ಕೆ ಅವಳಿಗೆ ಜ್ವರ. ಲಿಂಗಮ್ಮ ಹಿತ್ತಲಿಗೇ ನುಗ್ಗಿ ಬಂದಳು.

“ಎಷ್ಟು ದಿನ ಅಂತ ಹಿಂಗೆ ಕೂತಿರ್ತೀಯೆ? ಎದೆ ಕಟ್ಕೊಂಡದೆ ಆ ಹುಡುಗಿಗೆ. ಬಂದು ಒಂದು ಕೈ ನೀವ್ಕೊಡು.”

ಜ್ವರ ಎಂಬ ಮಾತು ಕಿವಿಗೆ ಬಿದ್ದದ್ದೇ ರುದ್ರಮ್ಮ ಎದ್ದಳು. ಕಾಲಿಗೆ ಚಪ್ಪಲಿಯನ್ನೂ ಹಾಕದೆ ಹೋಗಿ ಮಾನಸಳ ಹೊದಿಕೆ ತೆಗೆದು ಎರಡು ಕಾಲನ್ನೂ ನೋಡಿದಳು. ಎರಡೂ ಒಂದೇ ತೆರ ಇದ್ದವು. ಆದರೂ ಎಣ್ಣೆ ಬಟ್ಟಲನ್ನು ಮುಟ್ಟಲಿಲ್ಲ.

“ಆಟೋ ಕರ್ಸಕ್ಕ. ಆಸ್ಪತ್ರೆಗೆ ಹೋಗಣ.”

“ನಿನ್ನ ಮಗಳಿಗೆ ಹಂಗಾಯ್ತು ಅಂತ ಎಲ್ರಿಗೂ ಹಂಗೇ ಆಯ್ತದಾ? ಕೆಟ್ಟ ಮಾತು ಆಡಬ್ಯಾಡ ನನ್ನ ಮನೇಲಿ!”

ರುದ್ರಮ್ಮ ಹೋಗಿ ಹೊಸಿಲ ಮೇಲೆ ಕೂತಳು. ಲಿಂಗಮ್ಮ ಬೈದಳು, ಗೊಣಗಿದಳು, ದಾಟಿಕೊಂಡು ಓಡಾಡಿದಳು. ಕೊನೆಗೆ ಸಾಕಾಗಿ ಆಟೋ ಕರೆಸಿದಳು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎದೆಹಾಲು ಕಟ್ಟಿದ ಜ್ವರವೇ ಎಂದರು. ಮಾತ್ರೆ ಕೊಟ್ಟರು. ಮಗುವಿಗೆ ಬಿಡದೆ ಹಾಲು ಕುಡಿಸಲು, ಚೆನ್ನಾಗಿ ನೀರು ಕುಡಿಯಲು, ಮನೆಯೊಳಗೆ ಓಡಾಡಲು ಹೇಳಿ ಕಳಿಸಿದರು.

“ನೋಡ್ದಾ? ನಾನು ಹೇಳ್ಲಿಲ್ವಾ? ಸುಮ್ನೆ ಅರ್ಧ ದಿನ ಹಾಳು!” ಎಂದಳು ಲಿಂಗಮ್ಮ.

ರುದ್ರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ತಿಥಿಯ ದಿನವೂ ಅತ್ತಿರದಷ್ಟು ಅತ್ತಳು. ಲಿಂಗಮ್ಮನಿಗೆ ಗಾಬರಿಯಾಯಿತು.

“ಏ, ಅಳಬ್ಯಾಡ ಕಣೆ, ಏನೋ ಬಾಯ್ತಪ್ಪಿ ಅಂದೆ.”

“ಅರ್ಧ ದಿನ ಕಣಕ್ಕ” ಎಂದಳು ರುದ್ರಮ್ಮ. “ಬರೀ ಅರ್ಧ ದಿನ.”

ಲಿಂಗಮ್ಮ ಅವಳ ಪಕ್ಕದಲ್ಲೇ ಕೂತಳು. ಮಾನಸ ಮಗುವನ್ನು ಎತ್ತಿಕೊಂಡು ಆಟೋದಲ್ಲಿ ಕಾಯುತ್ತಿದ್ದಳು.

ನಾಳೆ ಇದನ್ನು ರುದ್ರಮ್ಮನವರ ಮನೆಗೆ ತೆಗೆದುಕೊಂಡು ಹೋಗಿ ಅವರಿಗೆ ಓದಿ ಹೇಳುತ್ತೇನೆ. ಅವರು ಬೇಡ ಎಂದ ಮಾತುಗಳನ್ನು ಹೊಡೆದುಹಾಕಿ ಮತ್ತೊಮ್ಮೆ ಬರೆಯುತ್ತೇನೆ.