ಒಲೆ ಕೊಟ್ಟು ಬಂದ ಓಮಾ

ಓಮಾ ಸ್ಟಿಡಮ್ ನಮ್ಮ ಮನೆಯ ಬಾಗಿಲು ತಟ್ಟಿದ್ದು ೧೯೫೪ರ ಏಪ್ರಿಲ್‌ನ ಒಂದು ಶನಿವಾರ. ನಾನಾಗ ನಮ್ಮೂರು ಡೇಟನ್ನಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಪೂರ್ವದ ಐದನೇ ಬೀದಿಯ ನಮ್ಮ ಮನೆಯ ಕೆಳಭಾಗದಲ್ಲಿದ್ದುಕೊಂಡು ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದೆವು. ಹಳೇ ಬಾಡಿಗೆಯವರು ಬಿಟ್ಟುಹೋಗಿ ಮಹಡಿ ಖಾಲಿ ಬಿದ್ದಿತ್ತು. ಅಮ್ಮ ಕಿಟಕಿಯಲ್ಲಿ ಬೋರ್ಡು ತೂಗುಹಾಕಿದ್ದಳು: ಮನೆ ಬಾಡಿಗೆಗಿದೆ, ಎರಡಕ್ಕಿಂತ ಹೆಚ್ಚು ಮಕ್ಕಳಿರಬಾರದು.

ಆ ವರ್ಷಗಳಲ್ಲಿ ಕೆಂಟಕಿಯ ಬೆಟ್ಟಗಳಿಂದ ಜನ ಗುಂಪುಗುಂಪಾಗಿ ನಮ್ಮೂರಿಗೆ ಬರುತ್ತಿದ್ದರು. ಅಲ್ಲಿ ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಇಲ್ಲಿ ಕಾರ್ಖಾನೆಗಳಿಗೆ ಆಳು ಸಾಲುತ್ತಿರಲಿಲ್ಲ. ಕೆಲಸವೇನೋ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಬೆಟ್ಟದವರು ಅಂಗಳದಲ್ಲಿ ಕೋಳಿ ಸಾಕುತ್ತಾರೆ, ವರಾಂಡಾದಲ್ಲಿ ಕೂತು ಹೊಗೆಸೊಪ್ಪು ಉಗುಳುತ್ತಾರೆ, ಇಬ್ಬರು ಮಕ್ಕಳೆಂದು ಹೇಳಿ ಎಂಟು ಜನರನ್ನು ತುಂಬಿಕೊಳ್ಳುತ್ತಾರೆ ಎಂದು ನಮ್ಮ ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ನಮ್ಮಮ್ಮ ಆಗಸ್ಟಾ ಕೆಸ್ಲರ್ ಎಲ್ಲರಿಗಿಂತ ಜೋರಾಗಿ ಆಡಿಕೊಳ್ಳುತ್ತಿದ್ದಳು. ಅವಳ ಅಪ್ಪ ಜರ್ಮನಿಯಿಂದ ಒಂದು ಗಂಟು ಹೊತ್ತುಕೊಂಡು ಬಂದು ಇಳಿದವನು ಎಂಬುದು ಆಗೆಲ್ಲ ಅವಳಿಗೆ ನೆನಪಾಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತವಳು ಎತ್ತರದ, ಮೂಳೆ ಕಾಣುವ ಹೆಂಗಸು; ವಯಸ್ಸು ಮೂವತ್ತನಾಲ್ಕು. ತಲೆಯ ಮೇಲಿದ್ದ ಟೋಪಿ ಇನ್ಯಾರದೋ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಚಳಿಗಾಲದಲ್ಲೇ ಒಬ್ಬಳೇ ಬಂದು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದು, ಚಿಕ್ಕಪ್ಪನ ಮಗಳ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳಂತೆ. ಮೊದಲು ತಾನು ಬಂದು ಊರು ಹೇಗಿದೆಯೆಂದು ನೋಡಿ, ಆಮೇಲೆ ಮನೆಯವರನ್ನು ಕರೆಸಿಕೊಳ್ಳುವುದು ಅವಳ ಯೋಚನೆ.

ಅಮ್ಮ ಮಕ್ಕಳೆಷ್ಟು ಎಂದು ಕೇಳಿದಳು.

"ನಾಲ್ಕು, ಅಮ್ಮಾವ್ರೇ. ಗಂಡ ಇದಾನೆ, ಅತ್ತೆ ಇದಾರೆ. ಒಂದು ಬೇಟೆನಾಯಿನೂ ಇದೆ. ಅದು ಕಚ್ಚಲ್ಲ, ಆದ್ರೆ ಹಾಡುತ್ತೆ."

"ಹಾಡುತ್ತೆ ಅಂದ್ರೆ?"

"ರೈಲು ಕೂಗಿದ್ರೆ ಅದೂ ಕೂಗುತ್ತೆ. ಇಲ್ಲಿ ಹಿಂದ್ಗಡೆನೇ ಹಳಿ ಇದ್ಯಲ್ಲ, ಅದಕ್ಕೇ ಮೊದ್ಲೇ ಹೇಳ್ಬಿಟ್ಟೆ."

ಅಮ್ಮ ಬೋರ್ಡಿನ ಕಡೆ ಕೈ ತೋರಿಸಿದಳು. ಅದನ್ನು ಓದಿಕೊಂಡೇ ಬಂದೆ ಎಂದಳು ಓಮಾ. ಇಬ್ಬರೇ ಮಕ್ಕಳು ಅಂತ ಹೇಳು, ಉಳಿದವರನ್ನು ಕತ್ತಲಾದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಸೇರಿಸಿಕೋ ಎಂದು ಚಿಕ್ಕಪ್ಪನ ಮಗಳು ಹೇಳಿಕೊಟ್ಟಿದ್ದಳಂತೆ. "ಮಕ್ಕಳಿಗೆ ಬಚ್ಚಿಟ್ಕೊಳ್ಳೋದು ಕಲ್ಸಿ ಹೊಸ ಊರಲ್ಲಿ ಸಂಸಾರ ಶುರು ಮಾಡೋಕೆ ನಂಗಿಷ್ಟ ಇಲ್ಲ," ಎಂದಳು. ಅಮ್ಮ ಆಗುವುದಿಲ್ಲವೆಂದಳು. ಓಮಾ ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು, ಪಕ್ಕದ ಬೀದಿಯಲ್ಲಿ ಕೇಳುತ್ತೇನೆಂದು ಹೊರಟುಹೋದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಂಗಲಾಚುವ ಕಳೆಯೂ ಇರಲಿಲ್ಲ.

ಮುಂದಿನ ವಾರ ಇನ್ನೊಂದು ಸಂಸಾರ ಬಂತು. ಅಚ್ಚುಕಟ್ಟಾದ ಗಂಡಹೆಂಡತಿ, ಎರಡೇ ಮಕ್ಕಳು. ಅಮ್ಮ ಬೀಗದಕೈ ತೆಗೆಯುವಷ್ಟರಲ್ಲಿ, ಬೀದಿಯಲ್ಲಿ ನಿಂತಿದ್ದ ಅವರ ಕಾರಿನ ಕಿಟಕಿಯಲ್ಲಿ ಇನ್ನೊಂದು ಪುಟ್ಟ ಮೂಗು ಎದ್ದು, ಮತ್ತೆ ಕೆಳಗಿಳಿಯಿತು. ಅಮ್ಮ ಬೀಗದಕೈಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಸಂಜೆ ಊಟದ ಹೊತ್ತಿನಲ್ಲಿ, ಆ ಎತ್ತರದ ಹೆಂಗಸು ಯಾವ ಆಸ್ಪತ್ರೆಯಲ್ಲಿ ಕೆಲಸ ಅಂದಳು ಎಂದು ನನ್ನನ್ನು ಕೇಳಿದಳು.

"ಮೊನ್ನೆ ಆಗಲ್ಲ ಅಂದ್ಯಲ್ಲ," ಎಂದೆ.

"ನಾಯಿ ಹಾಡುತ್ತೆ ಅಂತ ಯಾರಾದ್ರೂ ತಾವಾಗೇ ಹೇಳ್ತಾರೇನೆ? ಅಂಥೋಳು ಇನ್ಯಾವ ವಿಷ್ಯದಲ್ಲೂ ಮೋಸ ಮಾಡಲ್ಲ. ನಾಳೆ ಹೋಗಿ ಹೇಳ್ಬಿಟ್ಟು ಬಾ."

ಜೂನ್‌ನಲ್ಲಿ ಶಾಲೆಗೆ ರಜೆ ಸಿಕ್ಕ ಮೇಲೆ ಅವರು ಬಂದರು, ಓಮಾಳ ಮೈದುನನ ಲಾರಿಯಲ್ಲಿ. ಮಂಚದ ಕಾಲುಗಳು, ಕೌದಿಗಳು, ಅವುಗಳ ನಡುವೆ ಮಕ್ಕಳು, ಎಲ್ಲದರ ಮೇಲೆ ಬ್ಯೂಗಲ್ ಎಂಬ ನಾಯಿ. ಮುಂದಿನ ಸೀಟಿನಲ್ಲಿ ಉಪ್ಪಿನಲ್ಲಿ ಹಾಕಿದ ಹುರುಳಿಕಾಯಿಯ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಲೆಟ್ಟಿ ಕೂತಿದ್ದಳು. ಓಮಾಳ ಗಂಡ ಡೆಲ್ಬರ್ಟ್ ಕೊನೆಗೆ ಇಳಿದ. ಗಟ್ಟಿ ಆಳು, ಮಾತು ಕಡಿಮೆ. ಹಳೇ ಮನೆಯ ಕಬ್ಬಿಣದ ಸೌದೆ ಒಲೆಯನ್ನೂ ಊಟದ ಮೇಜನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಗಣಿ ಮತ್ತೆ ತೆರೆಯುವ ತನಕ ಎಲ್ಲೋ ನಾಲ್ಕು ದಿನ ಇದ್ದು ಬರುವುದು ಎಂಬಷ್ಟೇ ಡೆಲ್ಬರ್ಟನ ಲೆಕ್ಕ. ಓಮಾಳ ಲೆಕ್ಕವೇ ಬೇರೆ. ಅವಳು ಬಂದ ಮಾರನೇ ದಿನವೇ ಮಕ್ಕಳಿಗೆ ಲೈಬ್ರರಿಯ ಕಾರ್ಡು ಮಾಡಿಸಿದಳು.

ಈ ಊರಿಗೆ ಎಲ್ಲರಿಗಿಂತ ಬೇಗ ಹೊಂದಿಕೊಂಡವಳು ಅರವತ್ತೆಂಟರ ಲೆಟ್ಟಿ. ಹುಟ್ಟಿದಾಗಿನಿಂದ ಒಂದೇ ಕಣಿವೆಯಲ್ಲಿದ್ದ ಆ ಮುದುಕಿಗೆ ಸಿಟಿ ಬಸ್ಸೆಂದರೆ ಜೀವ. ಬೆಳಿಗ್ಗೆ ಹತ್ತಿದರೆ ಕೊನೆಯ ಸ್ಟಾಪಿನ ತನಕ ಹೋಗಿ, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ ಬರುವಳು. ಬರುವಷ್ಟರಲ್ಲಿ ಡ್ರೈವರನ ಹೆಂಡತಿಯ ಬಾಣಂತನದ ಸಮಾಚಾರವೆಲ್ಲ ಅವಳ ಬಾಯಲ್ಲಿರುತ್ತಿತ್ತು. ಅಮ್ಮನೂ ಅವಳೂ ಮೊದಮೊದಲು ಮುಖ ಸಿಂಡರಿಸಿಕೊಂಡೇ ಮಾತಾಡಿದರು. ಅಮ್ಮನ ಹುಳಿ ಎಲೆಕೋಸು ಒಳ್ಳೆಯದೋ ಲೆಟ್ಟಿಯ ಹುರುಳಿಕಾಯಿ ಒಳ್ಳೆಯದೋ ಎಂಬ ಜಗಳ ಹುಟ್ಟಿದ ಮೇಲೆ, ಅದನ್ನು ಮುಂದುವರಿಸಲೆಂದೇ ದಿನಾ ಕೂಡಿ ಕೂರತೊಡಗಿದರು.

ಡೆಲ್ಬರ್ಟನಿಗೆ ಮಾತ್ರ ಇಲ್ಲಿ ಯಾವುದೂ ಹಿಡಿಸಲಿಲ್ಲ. ಫ್ರಿಜ್ ಕಾರ್ಖಾನೆಯಲ್ಲಿ ಅವನ ಕೆಲಸ ಬಾಗಿಲುಗಳಿಗೆ ಹಿಡಿ ಕೂರಿಸುವುದು. ಬಾಗಿಲು ಸಾಲಾಗಿ ಬರುತ್ತವೆ, ಹಿಡಿ ಕೂರಿಸುತ್ತೇನೆ, ಹೋಗುತ್ತವೆ, ಒಂದು ಬಾಗಿಲಾದರೂ ತೆರೆದದ್ದನ್ನು ನಾನು ನೋಡಿಲ್ಲ ಎಂದು ಒಮ್ಮೆ ನನಗೆ ಹೇಳಿದ್ದ. ಶುಕ್ರವಾರ ಸೈರನ್ ಆದದ್ದೇ ತಡ, ಇಲ್ಲಿ ಬಂದಮೇಲೆ ಕೊಂಡ ಹಳೇ ಕಾರಿಗೆ ಮಕ್ಕಳನ್ನು ತುಂಬಿಕೊಂಡು ದಕ್ಷಿಣಕ್ಕೆ, ತಮ್ಮ ಕಣಿವೆಗೆ ಹೊರಡುತ್ತಿದ್ದ. ಅವನೊಬ್ಬನೇ ಅಲ್ಲ, ಬೆಟ್ಟದವರೆಲ್ಲ ಹಾಗೇ. ಕೆಂಟಕಿ ಗಡಿಯ ಸೇತುವೆ ದಾಟಿ ಸಾಲುಗಟ್ಟಿ ಹೋದ ಕಾರುಗಳು ಭಾನುವಾರ ನಡುರಾತ್ರಿ ವಾಪಸ್ ಬರುತ್ತಿದ್ದವು. ಸೋಮವಾರ ಮಕ್ಕಳು ಶಾಲೆಯಲ್ಲಿ ತೂಕಡಿಸುತ್ತಿದ್ದರು.

ಅಕ್ಟೋಬರ್‌ನಲ್ಲಿ ದೊಡ್ಡ ಮಗಳು ಲೊರೀನ್ ಪಾತ್ರೆ ಒರೆಸುತ್ತ, ನೀವು ಯಾವ ಊರಿನವರು ಎಂದು ಟೀಚರ್ ಕೇಳಿದರೆಂದೂ ತನಗೆ ಏನು ಹೇಳಬೇಕೋ ತಿಳಿಯಲಿಲ್ಲವೆಂದೂ ಓಮಾಳಿಗೆ ಹೇಳಿದಳು. ಓಮಾ ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಶುಕ್ರವಾರ ಕಾರಿನ ಪಕ್ಕ ನಿಂತು ಗಂಡನಿಗೆ ಹೇಳಿದಳು: ಇನ್ನು ಮೇಲೆ ಮಕ್ಕಳು ಬರುವುದಿಲ್ಲ, ಶನಿವಾರ ಭಾನುವಾರವೂ ಅವರು ಇದೇ ಊರಿನವರು. ಡೆಲ್ಬರ್ಟ್ ಒಬ್ಬನೇ ಹೋದ. ಭಾನುವಾರ ರಾತ್ರಿ ಬರಲಿಲ್ಲ. ಸೋಮವಾರ ಅವನ ತಮ್ಮ ಬಂದು, ಅಣ್ಣ ಅಲ್ಲೇ ಯಾರದೋ ಸಣ್ಣ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ನೀವೂ ಬರಬೇಕಂತೆ ಎಂದು ಹೇಳಿದ.

ಓಮಾ ಅಳುತ್ತಾಳೆಂದುಕೊಂಡು ನಾನು ಮೇಲೆ ಹೋದರೆ ಅವಳು ಕೆಲಸಕ್ಕೆ ಹೊರಟು ನಿಂತಿದ್ದಳು. ಆವತ್ತು ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿಗೆ ಹೋಗಿ, ಡೆಲ್ಬರ್ಟ್ ಸ್ಟಿಡಮ್ ಇನ್ನು ಬರುವುದಿಲ್ಲ, ಅವನ ಜಾಗ ಬೇರೆಯವರಿಗೆ ಕೊಡಿ ಎಂದು ಹೇಳಿಬಂದಳು. ಆಗ ನಮ್ಮೂರ ಎಲ್ಮ್ ಮರಗಳಿಗೆಲ್ಲ ರೋಗ ತಗುಲಿ, ನಗರಸಭೆಯ ಆಳುಗಳು ಬೀದಿಬೀದಿಯಲ್ಲಿ ಹಗ್ಗ ಕಟ್ಟಿ ಹತ್ತಿ, ಒಣಗಿದ ಮರ ಇಳಿಸುತ್ತಿದ್ದರು. ಓಮಾ ಆಸ್ಪತ್ರೆಯ ಕಿಟಕಿಯಿಂದ ವಾರಗಟ್ಟಲೆ ಅವರನ್ನು ನೋಡಿದ್ದಳು. ಸಂಜೆ ಅವರ ಮೇಸ್ತ್ರಿ ಸಾಬೋ ಎಂಬವನ ಹತ್ತಿರ ಹೋಗಿ, ಬೆಟ್ಟದಲ್ಲಿ ಬೆಳೆದ, ಎಂಥ ಮರವನ್ನಾದರೂ ಹತ್ತುವ ಗಂಡಸೊಬ್ಬ ನನ್ನ ಮನೆಯಲ್ಲಿದ್ದಾನೆ ಎಂದಳು. ಕರೆದುಕೊಂಡು ಬಾ, ಹತ್ತಿಸಿ ನೋಡೋಣ ಎಂದ ಸಾಬೋ. ಆ ಗಂಡಸು ಆಗ ಮನೆಯಲ್ಲಿರಲಿಲ್ಲ ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ. ಅವಳು ವಿಷಯ ಮುಚ್ಚಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಶನಿವಾರ ನಸುಕಿನಲ್ಲಿ ಅಪ್ಪನ ಹಳೇ ಕಾರಿನಲ್ಲಿ ನಾನೇ ಅವಳನ್ನೂ ಲೆಟ್ಟಿಯನ್ನೂ ಕೂರಿಸಿಕೊಂಡು ಹೊರಟೆ. ಮಕ್ಕಳನ್ನು ಅಮ್ಮ ನೋಡಿಕೊಂಡಳು. ದಾರಿಯುದ್ದಕ್ಕೂ ಓಮಾ ಮರದ ವಿಷಯ ಬಿಟ್ಟರೆ ಬೇರೇನೂ ಮಾತಾಡಲಿಲ್ಲ.

ಡೆಲ್ಬರ್ಟ್ ಕಣಿವೆಯ ಹಳೇ ಮನೆಯ ವರಾಂಡಾದಲ್ಲಿ ಕೂತು ಬೂಟು ಬಿಚ್ಚುತ್ತಿದ್ದ. ಪ್ಯಾಂಟಿನ ಮಂಡಿಗಳೆರಡೂ ಹರಿದಿದ್ದವು. ಆ ಗಣಿ ಬೆಟ್ಟದ ಪಕ್ಕೆಯಲ್ಲಿ ಕೊರೆದ ಒಂದು ಬಿಲ. ಒಳಗೆ ನೆಟ್ಟಗೆ ನಿಲ್ಲುವುದಕ್ಕಿಲ್ಲ, ಇಬ್ಬರು ಆಳು ಅಂಬೆಗಾಲಿಟ್ಟು ಕಲ್ಲಿದ್ದಲು ಎಳೆದು ತರಬೇಕು. ನಮ್ಮನ್ನು ನೋಡಿ ಅವನು ಮೇಲೆದ್ದ. ಲೆಟ್ಟಿ ಕಾರಿನಿಂದ ಇಳಿದವಳೇ ಮಗನ ಮಂಡಿ ನೋಡಿದಳು.

"ನಿಮ್ಮಪ್ಪನ್ನ ಇಂಥದೇ ತೂತಿಂದ ಹಲಗೆ ಮೇಲೆ ಎತ್ಕೊಂಡು ಬಂದ್ರು. ಆ ಹಲಗೆ ಹಿಂದೆ ನಡ್ಕೊಂಡು ಬಂದವಳು ನಾನು. ಇನ್ನೊಂದ್ಸಲ ನಡಿಯಲ್ಲ ಕಣೋ ಮಗಾ."

"ಅಲ್ಲಿ ನಾನು ಯಾರೂ ಅಲ್ಲವ್ವ," ಎಂದ ಡೆಲ್ಬರ್ಟ್. ಮೆಲ್ಲಗೇ ಹೇಳಿದ. "ಇಲ್ಲಿ ಬೆಟ್ಟ ಅಲುಗಾಡಿದ್ರೆ ನಂಗೆ ಮೊದ್ಲು ಗೊತ್ತಾಗುತ್ತೆ. ಅಲ್ಲಿ ನನ್ನ ಹೆಸ್ರೂ ಯಾರಿಗೂ ಗೊತ್ತಿಲ್ಲ."

ಓಮಾ ಅವನ ಮಾತಿಗೆ ಎದುರಾಡಲಿಲ್ಲ. ನೀನು ಹೇಳುವುದು ನಿಜ, ಆ ಹಿಡಿ ಕೂರಿಸುವ ಕೆಲಸ ನಿನ್ನದಲ್ಲ, ಅದನ್ನು ಬಿಡಿಸಿಬಂದಿದ್ದೇನೆ ಎಂದು ಹೇಳಿ, ಸಾಬೋನ ವಿಷಯ ತಿಳಿಸಿದಳು. ಡೆಲ್ಬರ್ಟ್ ಯೋಚಿಸುತ್ತೇನೆಂದ. ಯೋಚಿಸು ಎಂದು ಓಮಾ ಬೇಲಿಯಾಚೆಯ ಮಾಡಿ ಎಂಬವಳನ್ನು ಕೂಗಿ ಕರೆದಳು. ಮಾಡಿ ಅವರ ನೆರೆಯವಳು, ಐದು ಮಕ್ಕಳ ತಾಯಿ. ಅವಳ ಒಲೆ ಬೇಸಗೆಯಲ್ಲೇ ಬಿರುಕು ಬಿಟ್ಟು, ಕಲ್ಲು ಹೂಡಿಕೊಂಡು ಅಡುಗೆ ಮಾಡುತ್ತಿದ್ದಳು. ಓಮಾ ಒಳಗೆ ಹೋಗಿ, ತೋಳು ಮಡಿಸಿ, ಒಲೆಯ ಬೂದಿ ಬಾಚಿ, ಹೊಗೆಕೊಳವೆ ಕಳಚಿಟ್ಟಳು. ಮಾಡಿಯ ಗಂಡನೂ ಅವನ ತಮ್ಮಂದಿರೂ ಬಂದರು.

"ಏನ್ ಮಾಡ್ತಿದೀಯಾ?" ಎಂದ ಡೆಲ್ಬರ್ಟ್.

"ಒಲೆ ಕೊಡ್ತಿದೀನಿ. ಮಾಡಿಗೆ ಬೇಕು, ನಮಗೆ ಬೇಡ."

"ಅದು ನಮ್ಮಜ್ಜಿ ಒಲೆ ಕಣೇ."

"ನಮ್ಮತ್ತೆ ಒಲೆ," ಎಂದಳು ಲೆಟ್ಟಿ, ಇದ್ದ ಒಂದೇ ಕುರ್ಚಿಯಲ್ಲಿ ಕೂತುಕೊಂಡು. "ನಂಗೆ ಬಂದಿದ್ದು. ನಾನು ಕೊಟ್ಟೆ. ನೀನು ಇಲ್ಲೇ ತಣ್ಣನೆ ಬ್ರೆಡ್ಡು ತಿಂದ್ಕೊಂಡು ಇರ್ಬೋದು."

ಗಂಡಸರು ಎತ್ತಿದರು. ಎರಕದ ಕಬ್ಬಿಣದ ಒಲೆ, ಬಾಗಿಲಲ್ಲಿ ಸಿಕ್ಕಿಕೊಂಡಿತು. ಮಾಡಿಯ ಮೈದುನನೊಬ್ಬ ಒರಟಾಗಿ ತಳ್ಳಿದ್ದಕ್ಕೆ ಬಾಗಿಲ ಚೌಕಟ್ಟು ಕಿರ್ರೆಂದಿತು. ಡೆಲ್ಬರ್ಟ್ ಒಂದು ಗಳಿಗೆ ನೋಡಿ, ಬರಿಗಾಲಲ್ಲೇ ಎದ್ದುಬಂದು ಅವನನ್ನು ಪಕ್ಕಕ್ಕೆ ಸರಿಸಿದ. ಹೀಗಲ್ಲ, ಇದರ ಎಡಗಾಲು ಉದ್ದ, ಮೊದಲು ಓರೆ ಮಾಡಬೇಕು ಎಂದು ಒಂದು ಮೂಲೆಗೆ ಹೆಗಲು ಕೊಟ್ಟ. ಅಂಗಳ ದಾಟಿ, ಬೇಲಿ ದಾಟಿ, ಮಾಡಿಯ ಅಡುಗೆಮನೆಯ ತನಕ ತಾನೂ ಹೊತ್ತುಕೊಂಡು ಹೋಗಿ ಇಳಿಸಿ, ಕೊಳವೆಯನ್ನೂ ಜೋಡಿಸಿಕೊಟ್ಟ. ಮಾಡಿ ಅತ್ತಳು. ಅವನು ವಾಪಸ್ ಬಂದು ಆ ಖಾಲಿ ಅಡುಗೆಮನೆಯಲ್ಲಿ, ಒಲೆ ಇದ್ದ ಜಾಗದ ಕಪ್ಪು ಚೌಕವನ್ನು ನೋಡುತ್ತ ಬಹಳ ಹೊತ್ತು ನಿಂತ. ಓಮಾ ಒಳಗೆ ಹೋಗಿ ಅವನ ಪಕ್ಕ ನಿಂತಳು. ಆಗ ಅವಳ ಕಣ್ಣೂ ತುಂಬಿತ್ತು. ನಾನು ಮುಖ ತಿರುಗಿಸಿಕೊಂಡೆ.

ವಾಪಸ್ ಬರುವಾಗ ಡೆಲ್ಬರ್ಟ್ ತನ್ನ ಕಾರಿನಲ್ಲಿ ನಮ್ಮ ಹಿಂದೆ ಬಂದ. ಸೇತುವೆಯ ಹತ್ತಿರ ಕಾಫಿ ಕುಡಿಯಲು ನಿಲ್ಲಿಸಿದಾಗ ಓಮಾಳನ್ನು ಒಂದೇ ಒಂದು ಪ್ರಶ್ನೆ ಕೇಳಿದ. "ಆ ಮರಗಳು ಎಷ್ಟೆತ್ತರ ಇವೆ?"

ಸೋಮವಾರ ಸಾಬೋ ಅವನನ್ನು ಆಸ್ಪತ್ರೆಯ ಮುಂದಿನ ಎಲ್ಮ್ ಹತ್ತಿಸಿದ. ಬಟ್ಟೆ ಒಗೆಯುವ ಹೆಂಗಸರೆಲ್ಲ ಕಿಟಕಿಗೆ ಬಂದು ನಿಂತಿದ್ದರಂತೆ. ತುದಿಗೆ ಹೋದವನು ಸಾಬೋ ಕೂಗಿದರೂ ತಕ್ಷಣ ಇಳಿಯಲಿಲ್ಲ. ಅಲ್ಲಿಂದ ಇಡೀ ಡೇಟನ್ ಕಾಣುತ್ತಿತ್ತೆಂದು ಆ ರಾತ್ರಿ ಮಕ್ಕಳಿಗೆ ಹೇಳಿದ. ನಿವೃತ್ತನಾಗುವ ತನಕ ಅದೇ ಕೆಲಸದಲ್ಲಿದ್ದ. ಎಲ್ಮ್‌ಗಳು ಮುಗಿದ ಮೇಲೆ ಅವುಗಳ ಜಾಗದಲ್ಲಿ ಮೇಪಲ್ ಸಸಿ ನೆಟ್ಟವರಲ್ಲಿ ಅವನೂ ಒಬ್ಬ. ನಮ್ಮ ಬೀದಿಯಲ್ಲಿ ಅವನ ಹೆಸರು ಗೊತ್ತಿಲ್ಲದ ಮನೆ ಇರಲಿಲ್ಲ. ಬಿರುಗಾಳಿ ಬೀಸಿದರೆ ಜನ ನಗರಸಭೆಗಿಂತ ಮೊದಲು ಅವನಿಗೇ ಫೋನ್ ಮಾಡುತ್ತಿದ್ದರು.

ಓಮಾ ಆ ಮೇಲೆ ಬೆಟ್ಟದಿಂದ ಬಂದ ಎಷ್ಟೋ ಸಂಸಾರಗಳಿಗೆ ಮನೆ ಕೊಡಿಸಿದಳು. ಬಂದವರನ್ನು, ಮಕ್ಕಳು ಮುದುಕರು ಎಲ್ಲರನ್ನೂ ಸಾಲಾಗಿ ಮನೆಯೊಡೆಯನ ಮೆಟ್ಟಿಲ ಮೇಲೆ ನಿಲ್ಲಿಸಿ, ಇವರಿಷ್ಟೂ ಜನ, ನೋಡಿಕೊಳ್ಳಿ ಎನ್ನುವುದು ಅವಳ ಪದ್ಧತಿ. ಒಪ್ಪದವರ ಮನೆಗೆ ಮರುದಿನ ನಮ್ಮಮ್ಮ ಹೋಗುತ್ತಿದ್ದಳು. ಅಮ್ಮ ಏನು ಹೇಳುತ್ತಿದ್ದಳೋ ಗೊತ್ತಿಲ್ಲ, ಹೆಚ್ಚಿನವರು ಒಪ್ಪಿಬಿಡುತ್ತಿದ್ದರು.

ಲೆಟ್ಟಿ ಹೋದದ್ದು ೧೯೬೩ರಲ್ಲಿ. ಬೆಟ್ಟದವರು ಸತ್ತರೆ ಹೆಣವನ್ನು ತಮ್ಮ ಕಣಿವೆಗೇ ಒಯ್ಯುವುದು ರೂಢಿ. ಡೆಲ್ಬರ್ಟ್ ಅದಕ್ಕೆ ಏರ್ಪಾಡು ಮಾಡಹೊರಟಾಗ ಓಮಾ ತಡೆದಳು. ಮುದುಕಿ ಅವಳಿಗೆ ಮೊದಲೇ ಹೇಳಿಟ್ಟಿದ್ದಳಂತೆ: ನನ್ನನ್ನು ಇಲ್ಲೇ ಮಣ್ಣು ಮಾಡಿ, ನೋಡಬೇಕೆನಿಸಿದವರು ಬಸ್ಸು ಹತ್ತಿ ಬರಲಿ. ಮಣ್ಣಿಗೆ ಮೂವರು ಬಸ್ ಡ್ರೈವರುಗಳು ಯೂನಿಫಾರ್ಮಿನಲ್ಲೇ ಬಂದಿದ್ದರು.

ಈಗ ಅಮ್ಮನೂ ಇಲ್ಲ, ಡೆಲ್ಬರ್ಟನೂ ಇಲ್ಲ. ಓಮಾ ಎಪ್ಪತ್ತಾರರಲ್ಲೂ ಮಹಡಿಯಲ್ಲೇ ಇದ್ದಾಳೆ, ನಾನು ಕೆಳಗೆ. ಗುರುವಾರ ಇಬ್ಬರೂ ಬೌಲಿಂಗ್ ಆಡಲು ಹೋಗುತ್ತೇವೆ, ಅವಳೇ ಗೆಲ್ಲುತ್ತಾಳೆ. ಕಳೆದ ತಿಂಗಳು ಚರ್ಚಿಗೆ ಹೊಸದಾಗಿ ಬಂದ ಪಾದ್ರಿ, ಚಿಕ್ಕ ವಯಸ್ಸಿನವನು, ಅವಳ ಕೈ ಹಿಡಿದುಕೊಂಡು, ಊರು ಬಿಟ್ಟು ಬಂದು ನೀವೆಲ್ಲ ತುಂಬಾ ಕಷ್ಟಪಟ್ಟಿರಬೇಕು ಎಂದ. ಅಲ್ಲಿಯ ಬುಗ್ಗೆಯ ನೀರಿನ ರುಚಿ ಈಗಲೂ ನೆನಪಾಗುತ್ತದೆ, ಬೆಳಗಿನ ಮಂಜೂ ನೆನಪಾಗುತ್ತದೆ ಎಂದು ಅವಳು ಒಪ್ಪಿಕೊಂಡಳು.

"ಆದ್ರೆ ನಮ್ಮನ್ನ ಯಾರೂ ಎತ್ಕೊಂಡು ಬಂದು ಹಾಕ್ಲಿಲ್ಲಪ್ಪ," ಎಂದಳು. "ನಾನು ನೋಡ್ದೆ, ಇಷ್ಟ ಆಯ್ತು, ಕರ್ಕೊಂಡು ಬಂದೆ."

ಆಮೇಲೆ ನನ್ನ ಕಡೆ ತಿರುಗಿ, ಹೊತ್ತಾಯಿತು, ಕಾರು ತೆಗಿ ಇರ್ಮಾ ಎಂದಳು.