ಶೋಭಿತಾಳ ಬೆಳಕವಾಡಿ ಪಟ್ಟಿ

ನಾನು ತಿಮ್ಮಯ್ಯ. ಮದ್ದೂರು ಮಗ್ಗುಲಿನ ಸಕ್ಕರೆ ಕಾರ್ಖಾನೇಲಿ ಕಬ್ಬಿನ ಗಾಡಿ ತೂಕ ಹಾಕೋನು, ಹದಿನೆಂಟು ವರ್ಸದಿಂದ. ನಮ್ಮ ಶೋಭಿತಾ ವಿಷಯ ನಾನೇಳದೆ ಇನ್ಯಾರೇಳ್ತಾರೆ? ಬೆಳಕವಾಡಿ ಕೆಂಪಸಿದ್ದಯ್ಯನ ಮಗಳು, ಮಳವಳ್ಳೀಲಿ ಡಿಪ್ಲೊಮಾ ಓದ್ದೋಳು. ಯಾವ ರೈತ ಎಲ್ಲಿ ಕಬ್ಬು ಹಾಕವ್ನೆ, ಯಾವತ್ತು ಕಡೀಬೇಕು ಅನ್ನೋದನ್ನೆಲ್ಲ ಬಿಟ್ಟಿಯಾಗಿ ಸಿಗೋ ಡೇಟಾಬೇಸಲ್ಲಿ ಕೂಡಿಟ್ಟು, ಆರು ವರ್ಸದಿಂದ ನಮ್ಮ ಕಾರ್ಖಾನೆ ಆಫೀಸಲ್ಲಿ ಒಬ್ಬಳೇ ನಡೆಸ್ತಾವ್ಳೆ. ಅವಳು ಕೊಡೋ ಕಟಿಂಗ್ ಆರ್ಡರ್ ಚೀಟಿ ಇಲ್ದೆ ಒಂದು ಗಾಡಿನೂ ನನ್ನ ತೂಕಕ್ಕೆ ಹತ್ತಲ್ಲ.

ಹೋದ ವರ್ಸ ಆಡಳಿತದೋರಿಗೆ ದೊಡ್ಡ ಡೇಟಾಬೇಸ್ ಕೊಳ್ಳೋ ಹುಚ್ಚು ಹಿಡೀತು. ಬಂದ್ವು ನೋಡಿ ಎರಡು ಕಂಪ್ನಿ! ಒಂದರೋರಿಗೆ ಟೈ, ಇನ್ನೊಂದರೋರಿಗೆ ಕೋಟು. ಬೆಳಗ್ಗೆ ಇವರು ಮದ್ದೂರು ವಡೆ ತಂದ್ರೆ ಸಾಯಂಕಾಲ ಅವರು ಮೈಸೂರು ಪಾಕು. ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: "ನಮ್ಮದು ತಗೊಂಡ್ರೆ ಈ ಹುಡುಗಿ ಬೇಕಾಗಿಲ್ಲ ಸಾರ್, ಎಲ್ಲ ಬೆಂಗಳೂರಿಂದಲೇ ನೋಡ್ಕೋತೀವಿ." ಮ್ಯಾನೇಜರ್ ಯತೀಶ್ ತಲೆ ಆಡಿಸ್ಬುಟ್ಟ. ಥೂ, ಹತ್ತಿದ ಏಣಿ ಒದೆಯೋದು ಅಂದ್ರೆ ಇದೇಯ.

ಶೋಭಿತಾ ಅಳಲಿಲ್ಲ. "ಬೆಳಕವಾಡಿ ಒಂದೂರಿನ ರೈತರ ಪಟ್ಟಿ ಕೊಡ್ತೀನಿ ಸಾರ್. ಅವರವರ ಡೇಟಾಬೇಸಿಗೆ ಸರಿಯಾಗಿ ಹತ್ತಿಸಿ ತೋರಿಸ್ಲಿ, ನಾನೇ ರಾಜೀನಾಮೆ ಬರ್ಕೊಡ್ತೀನಿ" ಅಂದ್ಲು.

"ಯಾಕವ್ವ ತಾಯಿ ಇಂಥ ಮಾತು?" ಅಂದೆ.

"ಸುಮ್ಕಿರಣ್ಣ."

ಪರೀಕ್ಷೆ ದಿನ ಕಾರ್ಖಾನೆ ಕಮಿಟಿಯೋರೆಲ್ಲ ಸೇರಿದ್ರು. ರೈತರ ಪರವಾಗಿ ಮೆಂಬರ್ ಆಗಿರೋ ಬೆಳಕವಾಡಿ ಪುಟ್ಟಮಾದಯ್ಯ ತಾತ ಮುಂದಿನ ಕುರ್ಚೀಲೇ ಕುಂತಿದ್ದ. ಟೈ ಕಂಪ್ನಿಯೋನು ಎದೆ ಉಬ್ಬಿಸ್ದ: "ನಿಮ್ಮ ಪಟ್ಟೀಲಿ ಎರಡೆರಡು ಸಲ ಬರೆದ ಹೆಸರು ಮೂವತ್ತೊಂದಿತ್ತು. ನಮ್ಮ ಸಿಸ್ಟಮ್ಮೇ ಹುಡುಕಿ ಅಳಿಸೈತೆ!"

"ನನ್ನ ಹೆಸರು ತೆಗಿಯಪ್ಪ, ಪುಟ್ಟಮಾದಯ್ಯ ಬಿನ್ ಲಿಂಗಯ್ಯ" ಅಂದ ತಾತ. ಪರದೆ ಮೇಲೆ ಒಬ್ಬನೇ ಇದ್ದ. ವಯಸ್ಸು ಇಪ್ಪತ್ತಾರು.

"ಅವನು ನನ್ನ ಮೊಮ್ಮಗ ಕಣಯ್ಯ! ನಾನೆಲ್ಲಿ? ಇನ್ನೂ ಬದುಕಿವ್ನಿ!"

ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡೋದು ವಾಡಿಕೆ. ತಾತನ ಅಪ್ಪನೂ ಲಿಂಗಯ್ಯ, ಮಗನೂ ಲಿಂಗಯ್ಯ. ಹಂಗಾಗಿ ತಾತ, ಮೊಮ್ಮಗ ಇಬ್ಬರೂ ಪುಟ್ಟಮಾದಯ್ಯ ಬಿನ್ ಲಿಂಗಯ್ಯ. ಮನೆ ಒಂದೇ, ಸರ್ವೆ ನಂಬರ್ ಒಂದೇ, ಕಬ್ಬು ಮಾತ್ರ ಬೇರೆ ಬೇರೆ.

ಕೋಟು ಕಂಪ್ನಿಯೋನು ಕಿಸಕ್ಕಂತ ನಕ್ಕು ತನ್ನದು ತೆಗೆದ. ಅದ್ರಲ್ಲಿ ತಾತ ಇದ್ದ, ಮೊಮ್ಮಗ ಮಾಯ! "ಈ ರೈತ ಆಗಲೇ ಇದ್ದಾನೆ" ಅಂತ ಅದು ಹುಡುಗನ್ನ ಸೇರಿಸ್ಕೊಂಡೇ ಇರ್ಲಿಲ್ಲ.

ಶೋಭಿತಾ ತನ್ನ ಹಳೇ ಕಂಪ್ಯೂಟರ್ ತಿರುಗಿಸಿದ್ಲು. ಮೇಲೆ ತಾತ, ಕೆಳಗೆ ಮೊಮ್ಮಗ. "ನಾನು ಹೆಸರು ನಂಬಿಲ್ಲ ಸಾರ್. ಮನೆ ಮನೆಗೆ ಹೋಗಿ ಆಳಿಗೊಂದು ನಂಬರ್ ಕೊಟ್ಟಿದೀನಿ. ಆ ನಂಬರ್ ಪಟ್ಟೀಲೂ ಇತ್ತು, ಇವರು ಬೇಡ ಅಂತ ಬಿಟ್ಟವ್ರೆ."

ಯತೀಶ್ ಮುಖ ನೋಡ್ಬೇಕಿತ್ತು, ಇಂಗು ತಿಂದ ಮಂಗ! ಕಮಿಟಿ ಅಲ್ಲೇ ತೀರ್ಮಾನ ಮಾಡ್ತು: ಶೋಭಿತಾಳ ಡೇಟಾಬೇಸೇ ಇರ್ಲಿ, ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಇನ್ಯಾವ ಕಂಪ್ನಿ ಬಂದ್ರೂ ಮೊದಲು ಅವಳ ಹತ್ರ ಬೆಳಕವಾಡಿ ಪಟ್ಟೀಲಿ ಪಾಸಾಗ್ಬೇಕು. ಟೈನೋರೂ ಕೋಟಿನೋರೂ ಹೋಗೋ ಮುಂಚೆ ಅವಳ ಮೇಜಿಗೇ ಬಂದು "ನಮ್ಮಲ್ಲಿ ಸೇರ್ಕೊಳ್ಳಿ ಮೇಡಂ" ಅಂತ ಪೈಪೋಟಿಗೆ ಬಿದ್ರು.

"ಕಟಾವು ನಡೀತೈತೆ, ಪುರುಸೊತ್ತಿಲ್ಲ" ಅಂದ್ಲು.

ಮಾರನೇ ದಿನ ಎರಡು ಗಾಡಿ ಒಂದರ ಹಿಂದೆ ಒಂದು ಬಂದ್ವು. ಚೀಟಿ ಹಿಡಿದು "ಪುಟ್ಟಮಾದಯ್ಯ ಬಿನ್ ಲಿಂಗಯ್ಯ!" ಅಂತ ಕೂಗಿದೆ. ತಾತನೂ ಮೊಮ್ಮಗನೂ ಒಟ್ಟಿಗೇ "ಓ" ಅಂದ್ರು. ಶೋಭಿತಾ ಕೊಟ್ಟ ನಂಬರ್ ನೋಡಿ ಒಬ್ಬೊಬ್ಬರದೂ ಬೇರೆ ಬೇರೆ ತೂಕ ಹಾಕ್ದೆ, ಖುಷೀಗೆ ನಂಗೆ ಕಣ್ಣಲ್ಲಿ ನೀರೇ ಬಂದ್ಬುಡ್ತು ಕಣ್ರಪ್ಪ.