ಬೊನ್ ಕುಣಿತದಲ್ಲೊಂದು ಪ್ರದಕ್ಷಿಣೆ

ನಾವಿರುವ ಪ್ಯಾರಮಟ್ಟಾ ಊರಿನ ಜಪಾನೀಸ್ ಕ್ಲಾಸಿನವರೆಲ್ಲ ಸೇರಿ ಜಪಾನಿನವರ ಬೊನ್ ಕುಣಿತದ ಹಬ್ಬಕ್ಕೆ ಹೋಗಿದ್ದೆವು. ಎಲ್ಲರೂ ಕುಣಿಯಲೇಬೇಕು ಅಂತ ಟೀಚರ್ ಹೇಳಿಬಿಟ್ಟಿದ್ದರು. ನಡುವೆ ಡೋಲು ಬಾರಿಸುವ ಅಟ್ಟಣಿಗೆ, ಸುತ್ತಲೂ ಕುಣಿಯುವ ಜನ. ಕ್ಲಾಸ್‌ಮೇಟ್‌ಗಳು ಸಲೀಸಾಗಿ ಸೇರಿಕೊಂಡರು. ನನ್ನ ಕಾಲು ಮಾತ್ರ ಅಭ್ಯಾಸಬಲದಿಂದ ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕಿಗೇ ಹೊರಟಿತು. ಇಡೀ ಸಾಲು ಎದುರಿನಿಂದ ನನ್ನ ಮೇಲೇ ಬಂತು! ಕಲಿತ ಜಪಾನೀಸೆಲ್ಲ ಮರೆತು ಇಂಗ್ಲಿಷಿನಲ್ಲಿ “ಸಾರಿ, ಸಾರಿ” ಅಂದೆ. ಜಪಾನಿನ ಅಜ್ಜಿಯೊಬ್ಬರು ಭುಜ ಹಿಡಿದು ನನ್ನನ್ನು ತಿರುಗಿಸಿ, ಇಂಗ್ಲಿಷಿನಲ್ಲೇ ಮೆಲ್ಲಗೆ ಕೇಳಿದರು: “ಯಾರಿಗೋಸ್ಕರ ಕುಣೀತಿದ್ದೀಯಮ್ಮ?”

“ನಮ್ಮ ಟೀಚರ್‌ಗೋಸ್ಕರ” ಅಂದುಬಿಟ್ಟೆ.

ಅಜ್ಜಿ ಕಣ್ಣು ಮುಚ್ಚಿ ಕೈಮುಗಿದರು. ಇದು ತೀರಿಹೋದವರ ನೆನಪಿಗೆ ಕುಣಿಯುವ ಹಬ್ಬ ಅಂತ ಕ್ಲಾಸಿನಲ್ಲಿ ಹೇಳಿದ್ದು ಆಗ ನೆನಪಾಯಿತು. ಟೀಚರ್ ಪಕ್ಕದಲ್ಲೇ ನಿಂತು ನಮ್ಮಿಬ್ಬರ ಫೋಟೋ ತೆಗೆಯುತ್ತಿದ್ದರು.